ಹಣ್ಣಾಗುವ ಔಷಧಿ ಮತ್ತು ಮೀಲ್ ಮೇಕರ್ ಸಾರು

ನನ್ನ ಎಡಗಡೆಯ ಮೊಲೆ ತೆಗೆದು ಮನೆಗೆ ಕಳಿಸಿದ ಮೇಲೆ, ಊರಿನ ಹೆಂಗಸರು ಮಾತಾಡಿಸುವಾಗ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ನನ್ನ ಹಣೆ ನೋಡಿಕೊಂಡು ಮಾತಾಡುತ್ತಿದ್ದರು. ಹಣೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ನನ್ನ ಓರಗಿತ್ತಿ ಒಬ್ಬಳೇ ನೆಟ್ಟಗೆ ಎದೆ ನೋಡಿದವಳು. "ಅಕ್ಕಾ, ರವಿಕೆ ಒಂದು ಕಡೆ ಜೋಲಾಡ್ತಾ ಐತೆ. ಬಿಚ್ಕೊಡು, ಹೊಲಿಗೆ ಹಿಡೀತೀನಿ" ಅಂದಳು.

ಅವಳು ನನ್ನ ಮೈದುನನ ಹೆಂಡತಿ. ನಮ್ಮೂರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗಿದೆ. ಅವಳ ತವರು ಚಿಂತಾಮಣಿಯ ಆಚೆ. ಅಲ್ಲಿ ಮನೆಮಾತು ತೆಲುಗು. ಕೋಪ ಬಂದರೂ ಅಳು ಬಂದರೂ ಅವಳಿಗೆ ಈಗಲೂ ತೆಲುಗೇ ಬರುವುದು. ನನ್ನ ತವರು ತೊಂಡೇಬಾವಿ. ಅಲ್ಲಿ ಈಗ ನನ್ನ ಗುರುತು ಹಿಡಿಯುವವರಿಲ್ಲ. ಗಂಡಂದಿರು ಇಬ್ಬರೂ ಹೋದರು, ಮೊದಲು ನನ್ನವನು, ಆಮೇಲೆ ಅವಳವನು. ನನಗೆ ಮಕ್ಕಳಾಗಲಿಲ್ಲ. ಅವಳಿಗೆ ಮಗ ಇದ್ದಾನೆ, ಸೊಸೆ ಇದ್ದಾಳೆ. ಒಂದೇ ಮನೆಯನ್ನು ಗೋಡೆ ಹಾಕಿ ಎರಡು ಮಾಡಿದ್ದೇವೆ. ಪಾಲು ಮಾಡುವಾಗ ಗಂಡಸರು ಪೂರಾ ಗೋಡೆ ಎತ್ತಲು ಹೊರಟಿದ್ದರು. ನಾವಿಬ್ಬರೂ ಜಗಳ ಮಾಡಿ ನಡುವೆ ಒಂದು ಬಾಗಿಲು ಇಡಿಸಿದೆವು. ಆ ಬಾಗಿಲಿಗೆ ಅಗುಳಿ ಇತ್ತು, ಹಾಕಿದ್ದು ನಾನು ಕಂಡಿರಲಿಲ್ಲ.

ನಾನು ಓದಿದವಳಲ್ಲ. ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದುತ್ತೇನೆ. ಇದನ್ನು ಬರೆಯಲು ಬಹಳ ದಿನ ಹಿಡಿಯಿತು. ಓರಗಿತ್ತಿಗೆ ಅಷ್ಟೂ ಬಾರದು. ನಮ್ಮಿಬ್ಬರಿಗೂ ಚೆನ್ನಾಗಿ ಬರುವ ಕೆಲಸ ಒಂದೇ, ರೇಷ್ಮೆ ಹುಳು ಸಾಕುವುದು. ಮದುವೆಯಾಗಿ ಬಂದ ದಿನದಿಂದ ಅದನ್ನೇ ಮಾಡಿದ್ದೇವೆ. ಮಧ್ಯಾಹ್ನದ ಸೊಪ್ಪು ಹಾಕಿ, ಕೈ ತೊಳೆದು, ಹುಳುಮನೆಯ ಜಗಲಿಯಲ್ಲಿ ಕೂತು ಇಬ್ಬರೂ ಒಟ್ಟಿಗೆ ಉಣ್ಣುವುದು ವಾಡಿಕೆ. ಹುಳು ಎಲೆ ತಿನ್ನುವ ಸದ್ದು ಒಳಗಿನಿಂದ ಕೇಳುತ್ತಿರುತ್ತದೆ, ಸಣ್ಣಗೆ ಮಳೆ ಹನಿದ ಹಾಗೆ. ಅವಳು ಮಾತಾಡುತ್ತಾಳೆ, ನಾನು ಉಣ್ಣುತ್ತೇನೆ. ಅವಳ ಮಾತಿನಲ್ಲಿ ಅರ್ಧ ನನ್ನ ಕಿವಿಗೆ ಬೀಳುವುದಿಲ್ಲ. ಬಿದ್ದ ಅರ್ಧದಲ್ಲಿ ಹೊಸದೇನೂ ಇರುವುದಿಲ್ಲ.

ನಮ್ಮ ಮನೆಯಲ್ಲಿ ಒಂದು ಕಟ್ಟು ಉಂಟು. ಹುಳು ಕೊನೆಯ ಜ್ವರದಿಂದ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಕಳಚಿದ ಮೇಲೆ, ಗೂಡು ಬಿಡಿಸಿ ಮಾರುಕಟ್ಟೆಗೆ ಹೋಗುವ ತನಕ ಮಾಂಸ ಮಾಡುವುದಿಲ್ಲ. ಹುಳುವಿಗೆ ಆ ವಾಸನೆ ಆಗದು ಅಂತ ನಮ್ಮತ್ತೆ ಮಾಡಿಟ್ಟದ್ದು. ಹೊರಗಿನವರನ್ನೂ ಒಳಗೆ ಬಿಡುವುದಿಲ್ಲ. ಹುಳು ಹೊಟ್ಟೆಬಾಕತನ ಮಾಡುವುದು ಆ ದಿನಗಳಲ್ಲೇ, ಸೊಪ್ಪು ಹೊತ್ತು ಹೊತ್ತು ನಮ್ಮ ಸೊಂಟ ಬೀಳುವುದೂ ಆ ದಿನಗಳಲ್ಲೇ. ಬರೀ ಸೊಪ್ಪಿನ ಸಾರಿನಲ್ಲಿ ಮುದ್ದೆ ನುಂಗಿದರೆ ಮೈಗೆ ಸಾಲದು. ಅದಕ್ಕೆ ಓರಗಿತ್ತಿ ಮೀಲ್ ಮೇಕರ್ ತಂದಳು. ಸೋಯಾ ಹಿಟ್ಟಿನಲ್ಲಿ ಮಾಡಿದ ಒಣ ಉಂಡೆ ಅದು, ಬಿಸಿನೀರಿಗೆ ಹಾಕಿದರೆ ಉಬ್ಬುತ್ತದೆ. ಹಿಂಡಿ, ಮಾಂಸಕ್ಕೆ ಅರೆಯುವ ಮಸಾಲೆಯನ್ನೇ ಅರೆದು ಸಾರು ಮಾಡುತ್ತಿದ್ದಳು. ಮೊದಲ ಸಲ ಬಾಯಿಗಿಟ್ಟಾಗ ನಾನು, "ಏನೇ ಇದು, ಒದ್ದೆ ಬಟ್ಟೆ ಅಗಿದಂಗೈತೆ" ಅಂದಿದ್ದೆ. "ಅಗೀಯಕ್ಕಾ, ನಿಂಗೆ ಹಲ್ಲಿಲ್ಲ ಅಂತ ಮೆತ್ತಗಿರೋದು ತಂದ್ರೆ ಅದಕ್ಕೂ ಕೊಸರು" ಅಂದಳು. ಆಮೇಲೆ ರೂಢಿಯಾಯಿತು. ಹುಳು ಎದ್ದರೆ ಮೀಲ್ ಮೇಕರ್ ಅಂತಲೇ ಆಯಿತು. ವರ್ಷಗಟ್ಟಲೆ ತಿಂದಿದ್ದೇವೆ.

ಗಡ್ಡೆ ಬಂದದ್ದು ಆಮೇಲೆ. ಸ್ನಾನ ಮಾಡುವಾಗ ಕೈಗೆ ಸಿಕ್ಕಿತು, ಹುಣಸೆ ಬೀಜದಂತೆ. ನೋವಿಲ್ಲದ್ದಕ್ಕೆ ಬಿಟ್ಟೆ. ಬಿಟ್ಟದ್ದಕ್ಕೆ ಬೆಳೆಯಿತು. ಓರಗಿತ್ತಿ ಮುಟ್ಟಿ ನೋಡಿ, ಸೀರೆ ಬದಲಾಯಿಸಿ, ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದಳು. ಆಸ್ಪತ್ರೆ, ಬೆಂಗಳೂರು, ಕುಯ್ದದ್ದು, ಆಮೇಲೆ ಕೈಗೆ ಸೂಜಿ ಚುಚ್ಚಿ ಹನಿ ಹನಿ ಬಿಟ್ಟ ಔಷಧಿ. ಅದನ್ನೆಲ್ಲ ಬರೆಯುವುದಿಲ್ಲ, ಕಂಡವರಿಗೆ ಗೊತ್ತು. ಕೂದಲು ಹೋಯಿತು, ಬಂತು. ಎಡಗೈ ಊದಿಕೊಂಡದ್ದು ಹಾಗೇ ಉಳಿಯಿತು. ಭಾರ ಹೊರಬಾರದು ಅಂದರು. ಹಾರ್ಮೋನ್ ತಿಂದು ಬೆಳೆಯುವ ಜಾತಿಯ ಗಡ್ಡೆ ನಿನ್ನದು ಅಂತ ಹೇಳಿ ದಿನಾ ನುಂಗಲು ಒಂದು ಮಾತ್ರೆ ಕೊಟ್ಟರು. ಮೈಗೆ ಬಲ ಬರಬೇಕು, ಬೇಳೆ, ಮೊಟ್ಟೆ, ಸೋಯಾ ಎಲ್ಲ ತಿನ್ನಿ ಅಂತ ಅಲ್ಲಿಯ ಒಬ್ಬ ಹುಡುಗಿ ಹೇಳಿದಳು. ಸೋಯಾ ಅಂದದ್ದೇ ಓರಗಿತ್ತಿಗೆ ಸಾಕಾಯಿತು. ಹುಳು ಇರಲಿ ಬಿಡಲಿ, ಮೀಲ್ ಮೇಕರ್ ಸಾರು. ವಾಂತಿ ಮಾಡಿಕೊಂಡು ಕೂತವಳ ಬಾಯಿಗೆ ಉಂಡೆ ಕಿವುಚಿ ಇಟ್ಟಳು. ಬೈದುಕೊಂಡು ನುಂಗಿದೆ.

ಹುಳುಮನೆಯಲ್ಲಿ ನನ್ನ ಕೆಲಸ ಆಗಲೇ ಕಮ್ಮಿಯಾಗಿತ್ತು. ಊದಿದ ಕೈಯಲ್ಲಿ ಹಿಪ್ಪುನೇರಳೆ ಕಡ್ಡಿಯ ಹೊರೆ ಎತ್ತಲಾಗದು. ನನ್ನಿಂದ ಆಗುವಂಥದ್ದು ಹಣ್ಣಾದ ಹುಳು ಆರಿಸುವ ಕೆಲಸ ಒಂದೇ. ತಿಂದು ಮುಗಿದ ಹುಳು ಹಳದಿಗೆ ತಿರುಗಿ, ಬೆಳಕು ತೂರುವ ಹಾಗಾಗಿ, ತಲೆ ಎತ್ತಿ ಆಡಿಸುತ್ತದೆ. ಅದೇ ಹಣ್ಣು. ಅಂಥದ್ದನ್ನು ನೋಡಿ ನೋಡಿ ಎತ್ತಿ ಬಿದಿರು ತಟ್ಟಿಯ ಚಂದ್ರಿಕೆಗೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ಕೂತು ಮಾಡುವ ಕೆಲಸ, ಒಂದು ಕೈ ಸಾಕು. ಆದರೆ ಈಗ ಅದಕ್ಕೂ ಔಷಧಿ ಬಂದಿದೆ. ಅಲ್ಲೊಂದು ಇಲ್ಲೊಂದು ಹುಳು ಹಣ್ಣಾದದ್ದು ಕಂಡಾಗ ಚಿಕ್ಕ ಬಾಟಲಿಯ ಔಷಧಿಯನ್ನು ನೀರಿಗೆ ಬೆರೆಸಿ ಸೊಪ್ಪಿನ ಮೇಲೆ ಚಿಮುಕಿಸುತ್ತಾರೆ. ಯಾವುದೋ ಗಿಡದಿಂದ ತೆಗೆದ ಸತ್ವವಂತೆ. ಆ ಸೊಪ್ಪು ತಿಂದ ಹುಳು ಎಲ್ಲ ಒಟ್ಟಿಗೇ ಹಣ್ಣಾಗಿಬಿಡುತ್ತವೆ. ಆರಿಸುವ ಗೋಜಿಲ್ಲ, ಪ್ಲಾಸ್ಟಿಕ್ ಚಂದ್ರಿಕೆಯನ್ನು ಮೇಲೆ ಹಾಸಿದರೆ ಅವೇ ಹತ್ತಿಕೊಳ್ಳುತ್ತವೆ. ಕೂಲಿಯವರು ಸಿಗದ ಕಾಲದಲ್ಲಿ ಅದು ಒಳ್ಳೆಯದೇ. ನನಗೆ ಮಾತ್ರ ಒಳಗೆ ಹೋಗಲು ಕಾರಣ ಇಲ್ಲವಾಯಿತು. ಜಗಲಿಯಲ್ಲಿ ಕೂತು ಊಟದ ಹೊತ್ತಿಗೆ ಕಾಯುತ್ತಿದ್ದೆ.

ಆ ಊಟವೂ ನಿಂತದ್ದು ಒಂದು ಫೋನಿನಿಂದ.

ಓರಗಿತ್ತಿಯ ಸೊಸೆ ಕೆಟ್ಟವಳಲ್ಲ. ಪಿಯುಸಿ ಓದಿದ್ದಾಳೆ, ಬಾಯಿ ಸ್ವಲ್ಪ ಜೋರು, ನನ್ನನ್ನು ದೊಡ್ಡತ್ತೆ ಅನ್ನುತ್ತಾಳೆ. ಒಂದು ದಿನ ನಾವಿಬ್ಬರೂ ಉಣ್ಣುತ್ತಿದ್ದಾಗ ಫೋನ್ ಹಿಡಿದುಕೊಂಡು ಬಂದಳು.

"ದೊಡ್ಡತ್ತೆ, ಅದನ್ನ ತಿನ್ಬೇಡಿ. ಇಲ್ಲಿ ಹಾಕವ್ರೆ ನೋಡಿ. ಸೋಯಾದಲ್ಲಿ ಹೆಂಗಸರ ಹಾರ್ಮೋನ್ ತರದ್ದು ಐತಂತೆ. ಲ್ಯಾಬಲ್ಲಿ ಎದೆ ಕ್ಯಾನ್ಸರಿನ ಕಣಕ್ಕೆ ಹಾಕಿದ್ರೆ ಕಣ ಬೆಳೀತಂತೆ."

"ಯಾರು ಹಾಕವ್ರೆ?" ಅಂದೆ.

"ಯಾರೋ ಒಬ್ರು ಹೇಳ್ತಾ ಅವ್ರೆ, ವಿಡಿಯೋ."

"ಯಾರೋ ಒಬ್ರು ನಂಗೆ ಸಾರು ಮಾಡಿಕ್ತಾರಾ? ಹೋಗಮ್ಮ, ನಿನ್ನ ಕೆಲಸ ನೋಡು."

ನಾನು ಉಂಡೆ. ಓರಗಿತ್ತಿಯ ಕೈ ತಟ್ಟೆಯಲ್ಲೇ ನಿಂತಿತ್ತು. "ಗಿಡದ್ದಾ? ಆ ಹಾರ್ಮೋನು ಗಿಡದ್ದಾ?" ಅಂತ ಸೊಸೆಯನ್ನು ಕೇಳಿದಳು. ಹೌದತ್ತೆ, ಸೋಯಾ ಗಿಡದ ಕಾಳಿನದು ಅಂದಳು ಸೊಸೆ. ಓರಗಿತ್ತಿ ಎದ್ದು ಕೈ ತೊಳೆದಳು. ತಟ್ಟೆಯಲ್ಲಿ ಮುದ್ದೆ ಅರ್ಧಕ್ಕಿತ್ತು. ಅವಳು ಮುದ್ದೆ ಬಿಟ್ಟು ಎದ್ದದ್ದನ್ನು ನಾನು ಅವಳ ಗಂಡ ಸತ್ತಾಗಲೂ ನೋಡಿರಲಿಲ್ಲ.

ಮಾರನೆಯ ದಿನ ಅವಳು ಊಟಕ್ಕೆ ಬರಲಿಲ್ಲ. ಸೊಸೆಯ ಕೈಯಲ್ಲಿ ತಟ್ಟೆ ಬಂತು, ಅನ್ನ ತಿಳಿಸಾರು. ಅದರ ಮಾರನೆಯ ದಿನವೂ ಹಾಗೇ. ನಾನು ನಡುಬಾಗಿಲಿಗೆ ಹೋದರೆ ಅವಳು ಹಿತ್ತಿಲಿಗೆ ಹೋಗುತ್ತಾಳೆ. ಹಿತ್ತಿಲಿಗೆ ಹೋದರೆ ತೋಟಕ್ಕೆ. ಕೊನೆಗೆ ಸೊಪ್ಪು ಕತ್ತರಿಸುವಲ್ಲಿ ಹಿಡಿದೆ.

"ಏನೇ ನಿಂಗೆ ಬಂದಿರೋದು? ಮಾತಾಡು."

ಅವಳು ಮಚ್ಚು ಕೆಳಗಿಟ್ಟು ಅಳಲು ಶುರು ಮಾಡಿದಳು. "ನೇನೇ ಪೆಟ್ಟಿನಾನಕ್ಕಾ, ನೇನೇ ಪೆಟ್ಟಿನಾ" ಅಂತ ತೆಲುಗಿನಲ್ಲಿ. ನಾನೇ ಇಕ್ಕಿದೆ, ನಾನೇ ಇಕ್ಕಿದೆ ಅಂತ ಅದೊಂದನ್ನೇ. ಆಮೇಲೆ ಮೂಗೊರೆಸಿಕೊಂಡು ಕನ್ನಡಕ್ಕೆ ಬಂದಳು.

"ಫೋನಲ್ಲಿ ಬಂದಿದ್ದು ನಾನು ನಂಬಲ್ಲಕ್ಕಾ. ಅದರಲ್ಲಿ ದಿನಾ ಏನೇನೋ ಬರ್ತೈತೆ. ಆದ್ರೆ ಹುಳಾನ ನೋಡಿಲ್ವಾ ನಾವು? ಅದೂ ಗಿಡದ ಸತ್ವಾನೇ ತಾನೆ? ಎಲೆ ಮೇಲೆ ಇಷ್ಟೇ ಇಷ್ಟು ಚಿಮುಕ್ಸಿದ್ರೆ ಮನೆ ತುಂಬಾ ಇರೋ ಹುಳ ಬೆಳಗಾಗೋದ್ರಲ್ಲಿ ಹಣ್ಣಾಗ್ತವೆ. ಹುಳದ ಮೈಯಾಗೆ ಹಂಗೆ ಮಾಡೋ ಗಿಡ, ನಿನ್ನ ಎದೇಲಿ ಗಡ್ಡೇನ ಮಾಡಲ್ವಾ? ನಾನು ಚಿಮುಕ್ಸಿದ್ದಾ, ಪಾತ್ರೆಗಟ್ಲೆ ಸುರಿದಿದೀನಿ ನಿನ್ನ ಹೊಟ್ಟೆಗೆ."

ಬೇರೆ ಏನು ಹೇಳಿದ್ದರೂ ಬೈದು ಸುಮ್ಮನಾಗಿಸುತ್ತಿದ್ದೆ. ಆದರೆ ಹುಳು ಹಣ್ಣಾಗುವುದನ್ನು ನಾನೂ ಕಣ್ಣಾರೆ ಕಂಡವಳು. ಸಂಜೆ ಬೆಳ್ಳಗೆ ಕೊಬ್ಬಿ ಮಲಗಿದ್ದ ಹುಳು, ಔಷಧಿಯ ಸೊಪ್ಪು ತಿಂದು ಮರುದಿನ ತಲೆ ಎತ್ತಿಕೊಂಡು ಅಲೆಯುವುದನ್ನು ಕಂಡವಳು. ಸುಮ್ಮನೆ ವಾಪಸ್ಸು ಬಂದೆ. ನಾನು ಸುಮ್ಮನಾದದ್ದನ್ನು ಅವಳು ಹೌದು ಅಂದ ಹಾಗೆ ತಿಳಿದಳು. ಅವತ್ತು ಸಂಜೆ ನಡುಬಾಗಿಲಿನ ಅಗುಳಿ ಬಿದ್ದ ಸದ್ದು ಕೇಳಿತು.

ಹೇಳಬೇಕಾದ್ದು ಹೇಳುತ್ತೇನೆ. ಮೊಲೆ ಹೋದದ್ದಕ್ಕೆ ನಾನು ಅಷ್ಟು ಕೊರಗಲಿಲ್ಲ. ಕೂಸಿಗೆ ಹಾಲು ಕೊಟ್ಟ ಮೊಲೆಯಲ್ಲ, ಇದ್ದರೂ ಅಷ್ಟೇ. ಆದರೆ ಒಬ್ಬಳೇ ಉಣ್ಣುವುದು ನನಗೆ ಆಗಲಿಲ್ಲ. ಅನ್ನ ತಿಳಿಸಾರು ತಟ್ಟೆಯಲ್ಲಿ ಆರಿಹೋಗುತ್ತಿತ್ತು. ಗೋಡೆಯ ಆಚೆ ಅವಳು ಕೆಮ್ಮುವುದು, ಪಾತ್ರೆ ಬೀಳಿಸುವುದು, ಸೊಸೆಯ ಮೇಲೆ ರೇಗುವುದು ಎಲ್ಲ ಕೇಳುತ್ತಿತ್ತು. ಅವಳ ಮಾತನ್ನು ಅರ್ಧ ಕೇಳದೆ ಉಂಡಿದ್ದೆನಲ್ಲ, ಈಗ ಪೂರಾ ಕೇಳಲು ಕಿವಿ ಕೊಟ್ಟು ಕೂರುತ್ತಿದ್ದೆ. ರೇಡಿಯೋ ಹಾಕಿ ನೋಡಿದೆ. ರೇಡಿಯೋ ಯಾರ ಜೊತೆಗೋ ಮಾತಾಡುತ್ತದೆ. ಆರಿಸಿದೆ.

ಇನ್ನೊಂದು ಕೆಲಸವೂ ಶುರುವಾಯಿತು. ಉಳಿದ ಮೊಲೆಯನ್ನು ದಿನಾ ಹಿಸುಕಿ ನೋಡುವುದು. ಗಡ್ಡೆ ತೆಗೆದ ಹೊಸತರಲ್ಲೂ ಅಷ್ಟು ನೋಡಿರಲಿಲ್ಲ. ಓರಗಿತ್ತಿಯ ಮಾತು ನನ್ನೊಳಗೂ ಹೊಕ್ಕಿತ್ತು.

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ತೋರಿಸಲು ಹೋಗುವ ದಿನ ಬಂತು. ಯಾವಾಗಲೂ ಅವಳೇ ಜೊತೆಗೆ ಬರುವವಳು. ಬಸ್ಸು ಬಂದ ಕೂಡಲೇ ಕಿಟಕಿಯಿಂದ ಟವೆಲ್ ಒಳಗೆಸೆದು ಸೀಟು ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವತ್ತು ನಾನೊಬ್ಬಳೇ ಹೋದೆ, ಶಿಡ್ಲಘಟ್ಟದಿಂದ ಆಚೆಗೆ ನಿಂತೇ ಹೋದೆ. ಆಸ್ಪತ್ರೆಯಲ್ಲಿ ನರ್ಸು, "ಜೊತೆಗೆ ಯಾರಜ್ಜಿ ಬಂದಿದಾರೆ?" ಅಂತ ಕೇಳಿದಳು. "ನಾನೇ" ಅಂದೆ. ಅವಳು ನಕ್ಕಳು. ನಾನು ನಗಿಸಲು ಹೇಳಿದ್ದಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಂಕುಳು, ಕುತ್ತಿಗೆ, ಎದೆ ಎಲ್ಲ ಒತ್ತಿ ನೋಡಿ ಏನೂ ಇಲ್ಲ ಅಂದರು. ಎದ್ದು ಹೋಗು ಅನ್ನುವ ಮೊದಲೇ ಕೇಳಿದೆ.

"ಮೀಲ್ ಮೇಕರ್ ತಿಂದ್ರೆ ಗಡ್ಡೆ ಬೆಳೀತೈತಾ?"

"ಯಾರು ಹೇಳಿದ್ರು ಅಜ್ಜಿ?"

"ಫೋನು ಹೇಳ್ತು. ಆಮೇಲೆ ಹುಳ ಹೇಳ್ತು."

ಹುಳದ ವಿಷಯ ಬಿಡಿಸಿ ಹೇಳಬೇಕಾಯಿತು. ಹೊರಗೆ ಸಾಲು ಇತ್ತು, ಆದರೂ ಅವರು ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು.

"ನಿಮ್ಮ ಫೋನು ಪೂರ್ತಿ ಸುಳ್ಳು ಹೇಳಿಲ್ಲ" ಅಂದರು. "ಸೋಯಾದಲ್ಲಿ ಒಂದು ಸತ್ವ ಇದೆ, ನಮ್ಮ ಮೈಯಲ್ಲಿರೋ ಹಾರ್ಮೋನಿನ ಹಾಗೇ ಕಾಣುತ್ತೆ. ಹಾರ್ಮೋನ್ ಹೋಗಿ ಕೂರೋ ಜಾಗದಲ್ಲಿ ಇದೂ ಹೋಗಿ ಕೂರುತ್ತೆ. ಆದ್ರೆ ಹಾರ್ಮೋನ್ ಮಾಡೋ ಅಷ್ಟು ಕೆಲಸ ಮಾಡಲ್ಲ."

"ಬಸ್ಸಲ್ಲಿ ಟವೆಲ್ ಹಾಕಿದಂಗಾ?"

"ಹೂಂ, ಹಾಗೇ ಅನ್ಕೊಳ್ಳಿ. ಟವೆಲ್ ಮನುಷ್ಯ ಅಲ್ಲ, ಆದ್ರೆ ಸೀಟು ಹಿಡಿದಿರುತ್ತೆ."

"ಮತ್ತೆ ಕಣ ಬೆಳೀತು ಅಂದ್ರಲ್ಲ?"

"ಗಾಜಿನ ತಟ್ಟೇಲಿ ಕ್ಯಾನ್ಸರ್ ಕಣ ಬೆಳೆಸ್ತಾರೆ ಅಜ್ಜಿ. ಸೋಯಾದಿಂದ ಆ ಸತ್ವ ಒಂದನ್ನೇ ತೆಗೆದು ಅದರ ಮೇಲೆ ಹಾಕ್ತಾರೆ. ಸ್ವಲ್ಪ ಹಾಕಿದ್ರೆ ನಿಮ್ಮಂಥ ಗಡ್ಡೆ ಕಣ ಬೆಳೆಯೋದು ಕಂಡಿದೆ. ಜಾಸ್ತಿ ಹಾಕಿದ್ರೆ ಬೆಳೆಯೋದು ನಿಂತಿದ್ದೂ ಕಂಡಿದೆ."

"ಹಂಗಾದ್ರೆ ಜಾಸ್ತಿ ತಿಂದ್ರೆ ಆಯ್ತಲ್ಲ."

ಅವರು ಜೋರಾಗಿ ನಕ್ಕರು. "ಹಾಗೆ ಲೆಕ್ಕ ಹಾಕೋ ಹಾಗಿದ್ರೆ ನಾನ್ಯಾಕೆ ಇಲ್ಲಿ ಕೂರ್ತಿದ್ದೆ? ತಟ್ಟೇಲಿರೋ ಕಣಕ್ಕೆ ಹೊಟ್ಟೆ ಇಲ್ಲ, ಕರುಳಿಲ್ಲ, ರಕ್ತ ಇಲ್ಲ. ನೀವು ಸಾರಲ್ಲಿ ತಿಂದಿದ್ದು ಅದನ್ನೆಲ್ಲ ದಾಟ್ಕೊಂಡು ಹೋಗೋ ಹೊತ್ತಿಗೆ ಬೇರೇನೇ ಆಗಿರುತ್ತೆ. ಈ ಕಾಯಿಲೆ ಬಂದ ಹೆಂಗಸರು ಸೋಯಾ ಊಟ ಮಾಡಿದ್ದನ್ನ ವರ್ಷಗಟ್ಟಲೆ ಗಮನಿಸಿದಾರೆ. ಅದರಿಂದ ಕೆಟ್ಟದ್ದಾಗಿದ್ದು ಕಂಡಿಲ್ಲ. ಕೆಲವು ಕಡೆ ತಿಂದೋರೇ ಚೆನ್ನಾಗಿದಾರೆ. ಆ ಸತ್ವಾನ ಮಾತ್ರೆ ಮಾಡಿ, ಪುಡಿ ಮಾಡಿ ಡಬ್ಬೀಲಿ ಮಾರ್ತಾರೆ. ಅದು ಬೇಡ, ಯಾರು ಕೊಟ್ರೂ ತಗೋಬೇಡಿ. ಸಾರು ತಿನ್ನಿ, ಬೇರೆ ಕಾಳುಬೇಳೆ ತಿಂದಂಗೆ."

"ಹುಳ ಹಣ್ಣಾಗ್ತೈತಲ್ಲ ಡಾಕ್ಟರಮ್ಮಾ?"

"ಅದು ಹುಳದ ಹಾರ್ಮೋನ್ ಅಜ್ಜಿ. ಹುಳಕ್ಕೆ ಅಂತ್ಲೇ ಇರೋದು. ನೀವು ಹುಳ ಅಲ್ಲ."

ಇಷ್ಟು ಸಣ್ಣ ಮಾತು ನಮಗಿಬ್ಬರಿಗೂ ಹೊಳೆದಿರಲಿಲ್ಲ.

"ಮತ್ತೆ ನಂಗೆ ಯಾಕೆ ಬಂತು?" ಅಂದೆ.

ಅವರು ನನ್ನ ಕಡತ ಮುಚ್ಚಿದರು. "ಗೊತ್ತಿಲ್ಲ ಅಜ್ಜಿ. ಸುಮಾರು ಜನಕ್ಕೆ ಯಾಕೆ ಬಂತು ಅಂತ ನಮಗೆ ಹೇಳೋಕಾಗಲ್ಲ."

ವಾಪಸ್ಸು ಬರುವಾಗ ಶಿಡ್ಲಘಟ್ಟದಲ್ಲಿ ಇಳಿದು ಅಂಗಡಿಯಲ್ಲಿ ಮೀಲ್ ಮೇಕರ್ ತಗೊಂಡೆ. ಮನೆಗೆ ಬಂದು ನಡುಬಾಗಿಲು ಬಡಿದೆ. ತೆಗೆಯಲಿಲ್ಲ. ಬೀದಿ ಸುತ್ತಿ ಅವಳ ಮುಂಬಾಗಿಲಿಗೆ ಹೋದೆ. ಆ ಮನೆಗೆ ಬೀದಿಯ ಕಡೆಯಿಂದ ನಾನು ಹೋದದ್ದು ಅದೇ ಮೊದಲು. ನೆಂಟರ ಹಾಗೆ ಚಪ್ಪಲಿ ಬಿಟ್ಟು ನಿಂತೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಗಾಜಿನ ತಟ್ಟೆ, ಹೊಟ್ಟೆ ಇಲ್ಲದ ಕಣ, ಟವೆಲ್ಲು, ಹುಳದ್ದು ಹುಳಕ್ಕೆ ಅನ್ನುವುದು. ಅವಳು ಕಂಬಕ್ಕೆ ಒರಗಿ ಕೇಳಿಸಿಕೊಂಡಳು.

"ಇದು ಡಾಕ್ಟ್ರು ಹೇಳಿದ್ದೋ, ನನ್ನ ಸಮಾಧಾನಕ್ಕೆ ನೀನು ಕಟ್ಟಿದ್ದೋ?"

"ನಾನು ಯಾವತ್ತೇ ನಿನ್ನ ಸಮಾಧಾನ ಮಾಡಿದೀನಿ?"

"ಅದೂ ನಿಜಾನೇ" ಅಂದಳು. ನಗು ಬರುತ್ತದೇನೋ ಅಂತ ನೋಡಿದೆ. ಬರಲಿಲ್ಲ. "ಹಂಗಾದ್ರೆ ಯಾಕೆ ಬಂತಂತೆ?"

"ಗೊತ್ತಿಲ್ಲ ಅಂದ್ರು."

"ಯಾಕೆ ಬಂತು ಅಂತ ಗೊತ್ತಿಲ್ದೋರು, ಇದರಿಂದ ಬರಲಿಲ್ಲ ಅಂತ ಹೆಂಗಕ್ಕ ಹೇಳ್ತಾರೆ?"

ಡಾಕ್ಟರಮ್ಮನನ್ನು ನಾನು ಇದನ್ನು ಕೇಳಿರಲಿಲ್ಲ. ಸೊಸೆ ಒಳಗಿನಿಂದ ಕಾಫಿ ತಂದುಕೊಟ್ಟಳು. ಕುಡಿದು, ಲೋಟ ಇಟ್ಟು, ಚಪ್ಪಲಿ ಹಾಕಿಕೊಂಡು ಬೀದಿ ಸುತ್ತಿ ನನ್ನ ಮನೆಗೆ ಬಂದೆ.

ಅವತ್ತು ನಾನೇ ಮೀಲ್ ಮೇಕರ್ ಸಾರು ಮಾಡಿದೆ. ಮಸಾಲೆ ಹುರಿಯುವಾಗ ಬೇಕೆಂದೇ ಕಿಟಕಿ ತೆರೆದಿಟ್ಟೆ, ವಾಸನೆ ಆಚೆ ಹೋಗಲಿ ಅಂತ. ಆಚೆಯ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಷ್ಟೇ. ಬಾಗಿಲು ತೆರೆಯಲಿಲ್ಲ. ಉಪ್ಪು ಹೆಚ್ಚಾಗಿತ್ತು. ಒಬ್ಬಳೇ ಕೂತು ಉಂಡೆ. ಉಂಡು ಬದುಕಿ ತೋರಿಸುತ್ತೇನೆ ಅಂತ ಮತ್ತೆ ಮತ್ತೆ ಮಾಡಿದೆ. ಬದುಕಿ ತೋರಿಸಲು ಎಷ್ಟು ವರ್ಷ ಬೇಕು ಅಂತ ಯೋಚಿಸಿದಾಗ ತೋರಿಸುವ ಹುಮ್ಮಸ್ಸು ಹೋಯಿತು. ಆಗ ಹುಳು ಮೂರನೆಯ ಜ್ವರದಲ್ಲಿದ್ದವು. ಅದು ಗೊತ್ತಾದದ್ದೂ ಸೊಸೆ ತನ್ನ ಗಂಡನಿಗೆ ಹೇಳುವುದು ಗೋಡೆಯಾಚೆಯಿಂದ ಕೇಳಿ.

ಹುಳು ಎದ್ದವು, ಮತ್ತೆ ಮಲಗಿದವು, ಕೊನೆಯ ಸಲ ಎದ್ದವು. ಎಲೆ ತಿನ್ನುವ ಸದ್ದು ನನ್ನ ಹಿತ್ತಿಲಿಗೂ ಬರುತ್ತಿತ್ತು. ನಾನು ಜಗಲಿಗೆ ಹೋಗಲಿಲ್ಲ. ಕರೆಯದೆ ಹೋಗಿ ಕೂತರೆ ಅವಳು ಎದ್ದು ಹೋಗುತ್ತಾಳೆ. ಹುಳುವಿಗೆ ಸೊಪ್ಪು ತಪ್ಪುತ್ತದೆ.

ಒಂದು ಬೆಳಿಗ್ಗೆ ಅಗುಳಿ ತೆಗೆದ ಸದ್ದಾಯಿತು. ಬಂದವಳು ಸೊಸೆ. ಕೂದಲು ಕೆದರಿತ್ತು, ಸೀರೆ ಎತ್ತಿ ಕಟ್ಟಿದ್ದಳು.

"ದೊಡ್ಡತ್ತೆ, ಬೇಗ ಬನ್ನಿ. ಹುಳ ಕೈಗೆ ಸಿಗ್ತಿಲ್ಲ. ಒಂದು ಕಡೆ ಹಣ್ಣಾಗ್ತವೆ, ಒಂದು ಕಡೆ ಇನ್ನೂ ತಿಂತಾ ಅವೆ. ಆರಿಸೋಕೆ ಆಳು ಕೇಳಿದ್ರೆ ಒಬ್ರೂ ಬರಲ್ಲ ಅಂತಾರೆ."

"ಔಷಧಿ ಹೊಡೀಲಿಲ್ವಾ?"

"ಹೊಡೆಯೋಕೆ ಬಿಟ್ರಾ ನಿಮ್ಮ ಓರಗಿತ್ತಿ? ಆ ಗಿಡದ್ದು ಈ ಮನೆ ಹೊಸ್ತಿಲು ದಾಟಬಾರ್ದು ಅಂತ ಬಾಟ್ಲಿ ಬಚ್ಚಿಟ್ಟವ್ರೆ. ನಮ್ಮೆಜಮಾನ್ರು ಕೇಳಿದ್ದಕ್ಕೆ ತಿಪ್ಪೆಗೆ ಎಸೆದೆ ಅಂತಾರೆ. ಕೂಲಿ ಇಲ್ಲ, ಔಷಧಿ ಇಲ್ಲ, ಈಗ ನಾವು ಮೂರು ಜನ ಗೂಡು ಕಟ್ಟಬೇಕು ಅಷ್ಟೇ."

ಕೈಕಾಲು ತೊಳೆದುಕೊಂಡು ಹೋದೆ. ಹುಳುಮನೆಯ ಬಾಗಿಲಲ್ಲಿ ಸೋಂಕು ತಗಲದಿರಲಿ ಅಂತ ಹರಡಿದ ಸುಣ್ಣದ ಪುಡಿ ತುಳಿದು ಒಳಗೆ ಕಾಲಿಟ್ಟಾಗ ಓರಗಿತ್ತಿ ತಲೆ ಎತ್ತಿ ನೋಡಿ ಮತ್ತೆ ಬಗ್ಗಿದಳು. ನಾನು ಅವಳ ಎದುರಿನ ಸಾಲಿನಲ್ಲಿ ಮಣೆ ಹಾಕಿಕೊಂಡು ಕೂತೆ. ಎಡಗೈ ತೊಡೆಯ ಮೇಲಿಟ್ಟು ಬಲಗೈಯಲ್ಲಿ ಆರಿಸಿದೆ. ಈ ಕೆಲಸ ಕೈ ಮರೆತಿರಲಿಲ್ಲ. ಹಣ್ಣಾದ ಹುಳು ಬೆರಳಿಗೆ ತಣ್ಣಗೆ, ಮೆತ್ತಗೆ ಸಿಗುತ್ತದೆ. ಹಣ್ಣಾಗದ್ದನ್ನು ಎತ್ತಿದರೆ ಎಲೆಯನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಸೊಸೆ ಚಂದ್ರಿಕೆ ತಂದು ಇಡುತ್ತಿದ್ದಳು, ತುಂಬಿದ್ದನ್ನು ತೆಗೆದುಕೊಂಡು ಹೋಗುತ್ತಿದ್ದಳು.

ಮಧ್ಯಾಹ್ನದ ಸೊಪ್ಪು ಹಾಕುವ ಹೊತ್ತಿಗೆ ಓರಗಿತ್ತಿ ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹಳದಿಯಾಗಿತ್ತು. ಅದರ ಪಕ್ಕದಲ್ಲಿದ್ದದ್ದು ಇನ್ನೂ ಬೆಳ್ಳಗೆ, ಎಲೆ ತಿನ್ನುತ್ತಾ ಇತ್ತು.

"ಒಂದೇ ಚಿಟ್ಟೆ ಇಟ್ಟ ಮೊಟ್ಟೇದು, ಒಂದೇ ಸೊಪ್ಪು ತಿಂದಿದ್ದು" ಅಂದಳು. ನನಗೆ ಹೇಳಿದ್ದೋ ಹುಳುವಿಗೆ ಹೇಳಿದ್ದೋ ಗೊತ್ತಾಗಲಿಲ್ಲ. "ಇದಕ್ಕೆ ಯಾರೂ ಏನೂ ಇಕ್ಕಿಲ್ಲ. ಆದ್ರೂ ಹಣ್ಣಾಯ್ತು."

ಅವಳು ಅದನ್ನು ಚಂದ್ರಿಕೆಗೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದಳು. ಸ್ವಲ್ಪ ಹೊತ್ತಾದ ಮೇಲೆ, "ಕಣ್ಣು ಕಾಣ್ತದಾ ನಿಂಗೆ? ಹಣ್ಣಾಗದೆ ಇರೋದ್ನ ಆರಿಸ್ತಾ ಇದೀಯ" ಅಂದಳು.

"ನಿನ್ನ ಸಾಲು ನೋಡ್ಕೊಳ್ಳೇ. ಹಣ್ಣಾಗಿ ಅಲೀತಾ ಇರೋ ಹುಳಾನ ಸೊಪ್ಪಿನಡಿ ಬಿಟ್ಟು ಹೋಗಿದೀಯ" ಅಂದೆ.

"ನಂದೇನು, ನಂಗೆ ವಯಸ್ಸಾಯ್ತು."

"ನಂಗಿಂತ ಚಿಕ್ಕೋಳು ನೀನು."

"ಅದನ್ನ ಹುಳಕ್ಕೆ ಹೇಳು."

ಸೊಸೆ ಚಂದ್ರಿಕೆ ಹಿಡಿದು ನಿಂತು ನಮ್ಮಿಬ್ಬರನ್ನೂ ನೋಡಿದಳು. "ಜಗಳ ಆಮೇಲೆ ಆಡಿ, ಮೊದಲು ಉಂಡುಬಿಡಿ" ಅಂದಳು.

ಜಗಲಿಗೆ ಬಂದು ಕೈ ತೊಳೆದೆವು. ಸೊಸೆ ಮುದ್ದೆ, ಹುರುಳಿಕಾಯಿ ಸಾರು ತಂದಿಟ್ಟಳು. ಮನೆಯಲ್ಲಿ, ಹುಳು ಎದ್ದ ದಿನಗಳ ರೂಢಿಗೆ ನಾನು ಬೆಳಿಗ್ಗೆಯೇ ಮಾಡಿಟ್ಟಿದ್ದ ಮೀಲ್ ಮೇಕರ್ ಸಾರು ಇತ್ತು. ಎದ್ದು ನಡುಬಾಗಿಲಿನಿಂದ ಹೋಗಿ ಪಾತ್ರೆ ತಂದೆ. ಅವಳ ತಟ್ಟೆಗೂ ಹಾಕಿದೆ, ನನ್ನ ತಟ್ಟೆಗೂ ಹಾಕಿಕೊಂಡೆ.

ಅವಳು ತಟ್ಟೆ ನೋಡಿದಳು. ಆಮೇಲೆ ಕೈ ಚಾಚಿ ನನ್ನ ತಟ್ಟೆಯಲ್ಲಿದ್ದ ಉಂಡೆಗಳನ್ನು ಒಂದೊಂದಾಗಿ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು.

"ಏನೇ ಮಾಡ್ತಿದೀಯ?"

"ನಾನು ತಿಂತೀನಿ. ನೀನು ರಸ ಉಣ್ಣು."

"ಅವು ನಂದು."

"ನಂಗೇನೂ ಆಗಲ್ಲ, ನಂಗೆ ಎರಡೂ ಅವೆ" ಅಂದಳು. ಹೇಳಿದ ಮೇಲೆ ತಾನು ಏನು ಹೇಳಿದೆ ಅಂತ ಹೊಳೆದು ಬಾಯಿಗೆ ಸೆರಗು ಹಿಡಿದಳು. ನನಗೆ ನಗು ಬಂತು. ಬಹಳ ದಿನದ ಮೇಲೆ ನಕ್ಕದ್ದಕ್ಕೆ ಕೆಮ್ಮು ಬಂತು. ಅವಳು ನೀರು ಕೊಟ್ಟಳು.

ನೀರು ಕುಡಿದು, ಅವಳ ತಟ್ಟೆಯಿಂದ ಒಂದು ಉಂಡೆ ವಾಪಸ್ಸು ಎತ್ತಿಕೊಂಡೆ. ಅವಳು ನನ್ನ ಕೈ ಹಿಡಿದಳು, ಊದಿದ ಕೈಯನ್ನು. ಬಿಗಿಯಾಗಿಯೇ ಹಿಡಿದಳು. ನಾನು ಇನ್ನೊಂದು ಕೈಯಲ್ಲಿ ಬಾಯಿಗಿಟ್ಟುಕೊಂಡೆ. ಅವಳು ನಾನು ಅಗಿಯುವುದನ್ನು ನೋಡುತ್ತಾ ಕೂತಳು, ನುಂಗುವ ತನಕ ನೋಡಿದಳು. ಅವಳಿಗೆ ನಂಬಿಕೆ ಬಂದಿರಲಿಲ್ಲ. ಈಗಲೂ ಪೂರಾ ಬಂದಿಲ್ಲ. ನಾನು ಉಂಡಾಗಲೆಲ್ಲ ಹಾಗೇ ನೋಡುತ್ತಾಳೆ.

"ಉಪ್ಪು ಜಾಸ್ತಿಯಾಗೈತೆ" ಅಂದಳು.

"ಹಂಗಾದ್ರೆ ನಾಳೆ ನೀನೇ ಮಾಡು."

ಅವಳು ಮುದ್ದೆ ಮುರಿದು ನುಂಗಿದಳು. ಒಳಗೆ ಹಣ್ಣಾಗದ ಹುಳು ಇನ್ನೂ ಎಲೆ ತಿನ್ನುತ್ತಿದ್ದವು. ಹಣ್ಣಾದವು ಚಂದ್ರಿಕೆಯಲ್ಲಿ ಸದ್ದಿಲ್ಲದೆ ಗೂಡು ಕಟ್ಟಲು ಶುರು ಮಾಡಿದ್ದವು. ನಾವು ಬೇಗ ಬೇಗ ಉಂಡು ಎದ್ದೆವು, ಅಷ್ಟರಲ್ಲಿ ಇನ್ನಷ್ಟು ಹಣ್ಣಾಗಿರುತ್ತವೆ ಅಂತ.